ಹನ್ನೊಂದು ಆಸ್ಪತ್ರೆ, ಒಂದು ಅಗ್ಗದ ಇಂಜೆಕ್ಷನ್

ವಿರಾಜಪೇಟೆಯ ನಿವೃತ್ತ ಲೆಕ್ಕದ ಮೇಷ್ಟ್ರೊಬ್ಬರ ಪತ್ರದ ಸಾರ: "ಕ್ಯಾನ್ಸರ್ ಸಂಶೋಧನೆಗೆ ಹತ್ತಾರು ಸಂಸ್ಥೆಗಳು ಕೈಜೋಡಿಸುವುದನ್ನು ಹೋದ ಸಂಚಿಕೆಯಲ್ಲಿ ಹೊಗಳಿದ್ದೀರಿ. ಅದೆಲ್ಲ ಬರೀ ಮೀಟಿಂಗು, ಟಿಎ, ಡಿಎ. ಒಬ್ಬ ಜಾಣ ವಿಜ್ಞಾನಿಗೆ ದುಡ್ಡು ಕೊಟ್ಟು ಸುಮ್ನೆ ಬಿಟ್ಟರೆ ಸಾಕಲ್ವಾ? ಅಂದಹಾಗೆ, ಮಾಕುಟ್ಟ ರಸ್ತೆಯ ಗುಂಡಿಗಳ ಬಗ್ಗೆ ಬರೆಯುವುದು ಯಾವಾಗ?"

ಮೇಷ್ಟ್ರೇ, ಮೀಟಿಂಗಿನ ಮಾತು ಸರಿ. ವರದಿಯಲ್ಲಿ ಯಾರ ಹೆಸರು ಮೊದಲು ಬರಬೇಕು ಅಂತ ಜಗಳವೂ ಇರುತ್ತದೆ. ಅಷ್ಟು ಒಪ್ಪಿದೆ. ಆದರೆ ಲೆಕ್ಕ ಕಲಿಸಿದ ನೀವೇ ಹೀಗಂದರೆ ಹೇಗೆ?

ಲಿಗ್ನೊಕೇನ್ ನಿಮಗೆ ಗೊತ್ತು. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುವ ಇಂಜೆಕ್ಷನ್. ಸ್ತನ ಕ್ಯಾನ್ಸರಿನ ಆಪರೇಷನ್‌ಗೆ ಏಳರಿಂದ ಹತ್ತು ನಿಮಿಷ ಮೊದಲು ಗಡ್ಡೆಯ ಸುತ್ತ ಅದನ್ನೇ ಚುಚ್ಚಿದರೆ ಏನಾಗುತ್ತದೆ? ಗಡ್ಡೆಯನ್ನು ಮುಟ್ಟಿ ಕತ್ತರಿಸುವಾಗ ಕ್ಯಾನ್ಸರ್ ಜೀವಕೋಶಗಳು ಬೇರೆಡೆಗೆ ಹರಡುವುದು ತಪ್ಪಬಹುದು ಎಂಬ ಊಹೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ದೇಶದ 11 ಆಸ್ಪತ್ರೆಗಳಲ್ಲಿ 1,600 ಮಹಿಳೆಯರ ಮೇಲೆ ಪರೀಕ್ಷಿಸಿದರು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. ಐದು ವರ್ಷದ ಲೆಕ್ಕದಲ್ಲಿ ಇಂಜೆಕ್ಷನ್ ಪಡೆದವರಲ್ಲಿ 100ಕ್ಕೆ ಸುಮಾರು 90 ಮಂದಿ ಬದುಕಿದ್ದರು. ಪಡೆಯದವರಲ್ಲಿ 86.

ಈ ನಾಲ್ಕು ಜೀವದ ವ್ಯತ್ಯಾಸ ಒಂದೇ ಆಸ್ಪತ್ರೆಯ ನೂರಿನ್ನೂರು ರೋಗಿಗಳಲ್ಲಿ ಕಾಣುತ್ತದಾ? ಕಂಡರೂ ಅದು ಔಷಧಿಯ ಗುಣವೋ ಬರೀ ಅದೃಷ್ಟವೋ, ಹೇಳುವವರು ಯಾರು? ನಿಮ್ಮ ಜಾಣ ವಿಜ್ಞಾನಿ ಎಷ್ಟೇ ಜಾಣನಾಗಿರಲಿ, ಒಬ್ಬನೇ ಕೂತು 1,600 ರೋಗಿಗಳನ್ನು ತರಲಾರ. ಕಂಪನಿಗಳಂತೂ ಇದಕ್ಕೆ ಕೈಹಾಕುವುದಿಲ್ಲ. ಲಿಗ್ನೊಕೇನ್ ಮಾರಿ ಯಾರು ಶ್ರೀಮಂತರಾದಾರು?

ನಮ್ಮ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರನ್ನೇ ಕೇಳಿ. ಒಂದು ತೋಟದಲ್ಲಿ ಚೆನ್ನಾಗಿ ಬಂದ ಗಿಡವನ್ನು ನೋಡಿ ಇಡೀ ಜಿಲ್ಲೆಗೆ ಶಿಫಾರಸು ಮಾಡುತ್ತಾರಾ?

2012ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್, ಅಂದರೆ ದೇಶದ ಕ್ಯಾನ್ಸರ್ ಆಸ್ಪತ್ರೆ, ಸಂಸ್ಥೆಗಳ ಜಾಲ, ಶುರುವಾಯಿತು. ಈಗ ಅದರಲ್ಲಿ 300ಕ್ಕೂ ಜಾಸ್ತಿ ಸಂಸ್ಥೆಗಳಿವೆ. ಚಿಕಿತ್ಸೆಗೆ ಒಂದೇ ರೀತಿಯ ಮಾರ್ಗಸೂಚಿ, ಔಷಧಿಗಳನ್ನು ಒಟ್ಟಾಗಿ ಕೊಂಡು ಬೆಲೆ ಇಳಿಸುವುದು, ಜೊತೆಯಾಗಿ ಸಂಶೋಧನೆ. ನನಗೆ ಇದು ಚಂದ್ರಯಾನದಷ್ಟೇ ಹೆಮ್ಮೆಯ ಸಂಗತಿ. ಟಿವಿಯವರಿಗೆ ಮಾತ್ರ ಬೇಡ.

ಆದರೆ ಕೊಡಗಿನ ಪಾಡು ನೋಡಿ. ವಿರಾಜಪೇಟೆ ಕಡೆಯವರು ಮಾಕುಟ್ಟ ಘಾಟಿ ಇಳಿದು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋಗುತ್ತಾರೆ. ಕುಶಾಲನಗರದವರು ಮೈಸೂರಿಗೆ. ಕೈಯಲ್ಲಿ ಕಾಸಿಲ್ಲದವರು ಬೆಂಗಳೂರಿನ ಕಿದ್ವಾಯಿಗೆ. ನಮ್ಮ ಪಕ್ಕದ ತೋಟದ ಕೂಲಿಯವರ ಲೈನ್ ಮನೆಯ ಹೆಂಗಸೊಬ್ಬರು ಬಯಾಪ್ಸಿಯ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆಯ) ಗಾಜಿನ ಸ್ಲೈಡುಗಳನ್ನು ಕರವಸ್ತ್ರದಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಹೋದರು. ಗಡಿಯಾಚೆಯ ಆಸ್ಪತ್ರೆಯ ಕೌಂಟರಿನವನು ತಿರುಗಿಸಿಯೂ ನೋಡಲಿಲ್ಲ. "ಇದೆಲ್ಲ ನಡೆಯಲ್ಲ, ನಮ್ಮಲ್ಲೇ ಮತ್ತೆ ಮಾಡಿಸಿ" ಅಂದ. ಇನ್ನೊಮ್ಮೆ ಸೂಜಿ, ಇನ್ನೊಮ್ಮೆ ಬಿಲ್ಲು, ಎರಡು ವಾರದ ಕೂಲಿ ಹೋಯಿತು.

ವಿಜ್ಞಾನಿಗಳು ಜಾಸ್ತಿ ಒಟ್ಟು ಸೇರಿದ್ದಾರೆ ಅನ್ನುವುದು ನಿಮ್ಮ ದೂರು. ಕೌಂಟರುಗಳು ಇನ್ನೂ ಸೇರಿಲ್ಲ ಅನ್ನುವುದು ನನ್ನದು. ರಾಜ್ಯದ ಗಡಿ ದಾಟಿದರೆ ಫೈಲು ಬರೀ ರದ್ದಿ. ನಮ್ಮ ಶಾಸಕರು, ಸಂಸದರು ಇದನ್ನು ಒಮ್ಮೆಯಾದರೂ ಕೇಳಿದ್ದಾರಾ? ಹುತ್ತರಿಗೆ ಶುಭಾಶಯದ ಫ್ಲೆಕ್ಸ್ ಹಾಕಿಸಲು ಮಾತ್ರ ಮರೆಯುವುದಿಲ್ಲ.

ಮಾಕುಟ್ಟ ರಸ್ತೆಯ ಬಗ್ಗೆ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ. ಗುಂಡಿಗಳ ಫೋಟೋ ಇದ್ದರೆ ಕಳಿಸಿ ಮೇಷ್ಟ್ರೇ.

– ಸಂಪಾದಕ