ಗಿದ್ಯೋನನ ತುಪ್ಪಟ, ಮೋಶೆಯ ಐದು ನೆಪ

ಪ್ರಶ್ನೆ: ನಮ್ಮ ಕ್ರೈಸ್ತ ಸಭೆಯಲ್ಲಿ ಒಂದು ಜವಾಬ್ದಾರಿ ವಹಿಸಿಕೊಳ್ಳಿ ಎನ್ನುತ್ತಿದ್ದಾರೆ. ಇದು ದೇವರ ಕರೆಯೋ ಅಲ್ಲವೋ ತಿಳಿಯಲು ಗಿದ್ಯೋನನಂತೆ ಗುರುತು ಕೇಳಬಹುದೇ?

ಉತ್ತರ: ಬೈಬಲಿನ ನ್ಯಾಯಸ್ಥಾಪಕರು ಪುಸ್ತಕದ 6ನೇ ಅಧ್ಯಾಯವನ್ನು 11ನೇ ವಚನದಿಂದ ಓದಿ. ಗೋಧಿ ಒಕ್ಕುವುದು ಬಯಲಿನ ಕಣದಲ್ಲಿ. ಎತ್ತು ತುಳಿಸಬೇಕು, ಗಾಳಿಗೆ ತೂರಬೇಕು. ಗಿದ್ಯೋನನಾದರೋ ದ್ರಾಕ್ಷಿ ತುಳಿಯುವ ತೊಟ್ಟಿಯಲ್ಲಿ ನಿಂತು ಬಡಿಯುತ್ತಿದ್ದಾನೆ. ಅಲ್ಲಿ ಎತ್ತು ತಿರುಗಲು ಜಾಗವಿಲ್ಲ, ಹೊಟ್ಟು ಹಾರಲು ಗಾಳಿಯಿಲ್ಲ. ಏಳು ವರ್ಷದಿಂದ ಇಸ್ರಾಯೇಲ್ಯರ ಬೆಳೆ ಹಾಳುಮಾಡುತ್ತಿದ್ದ ಶತ್ರುಗಳಾದ ಮಿದ್ಯಾನ್ಯರ ಕಣ್ಣು ತಪ್ಪಿಸಲು ಈ ಪಾಡು. ಅಂಥವನನ್ನು ದೇವದೂತನು 'ಪರಾಕ್ರಮಶಾಲಿ' ಎನ್ನುತ್ತಾನೆ!

ಇಸ್ರಾಯೇಲ್ಯರನ್ನು ಬಿಡಿಸು ಎಂಬ ಅಪ್ಪಣೆ ಆದದ್ದು 14ನೇ ವಚನದಲ್ಲಿ. ತುಪ್ಪಟ, ಅಂದರೆ ಕುರಿಯ ಉಣ್ಣೆ, ಬರುವುದು 36ರಲ್ಲಿ: ಕಣದಲ್ಲಿ ಹಾಸಿದ ತುಪ್ಪಟ ಮಾತ್ರ ಇಬ್ಬನಿಗೆ ನೆನೆದು ನೆಲ ಒಣಗಿದ್ದರೆ ನಂಬುತ್ತೇನೆ ಎಂದು ದೇವರನ್ನು ಕೇಳಿದ. 'ನೀನು ಹೇಳಿದಂತೆ' ಎಂದು ಅವನೇ ಎರಡು ಸಲ ಅನ್ನುತ್ತಾನೆ. ಏನು ಮಾಡಬೇಕೆಂಬುದು ಗೊತ್ತಿತ್ತು, ಧೈರ್ಯ ಸಾಲಲಿಲ್ಲ, ಅಷ್ಟೇ. ಮೊದಲ ರಾತ್ರಿ ತುಪ್ಪಟ ಮಾತ್ರ ನೆನೆದು, ಹಿಂಡಿದರೆ ಒಂದು ಬಟ್ಟಲು ನೀರು ಬಂತು. ಉಣ್ಣೆ ಹೇಗೂ ಇಬ್ಬನಿ ಹೀರುತ್ತದೆಂದು ಅನುಮಾನ ಬಂದಿರಬೇಕು, ಮರುರಾತ್ರಿ ತುಪ್ಪಟ ಒಣಗಿದ್ದು ನೆಲ ನೆನೆಯಲಿ ಎಂದು ತಿರುಗಿಸಿ ಕೇಳಿದ. ಗುರುತಿನ ಹಿಂದೆ ಬಿದ್ದವರಿಗೆ ಒಂದು ಗುರುತು ಎಂದೂ ಸಾಲದು.

ಮುಂದೆ ಅವನ ಜೊತೆ ಯುದ್ಧಕ್ಕೆ ಬಂದ 32,000 ಜನರಲ್ಲಿ ಹೆದರಿದ 22,000 ಮಂದಿ ಮನೆಗೆ ಹೋದರು. ನೀರು ಕುಡಿಯುವ ರೀತಿ ನೋಡಿ ಆರಿಸಿದ ಪರೀಕ್ಷೆಯ ನಂತರ ಉಳಿದದ್ದು 300. ಎದುರಿಗೆ ಶತ್ರುಗಳು 1,35,000. ಆ ರಾತ್ರಿ ಅವನ ಭಯ ಬಿಡಿಸಿದ್ದು ಅವನು ಕೇಳದೇ ಸಿಕ್ಕ ಗುರುತು: ಶತ್ರುವಿನ ಪಾಳೆಯದಲ್ಲಿ ಒಬ್ಬ ಹೇಳುತ್ತಿದ್ದ, ಜವೆಗೋಧಿ ರೊಟ್ಟಿಯೊಂದು ಉರುಳಿಬಂದು ಡೇರೆ ಕೆಡವಿದ ಕನಸು.

ಆದ್ದರಿಂದ ನೀವು ತುಪ್ಪಟ ಹಾಸಬೇಡಿ. ಕೆಲಸ ಏನು, ವಾರಕ್ಕೆ ಎಷ್ಟು ಹೊತ್ತು, ಜೊತೆಗೆ ಯಾರು, ಲೆಕ್ಕ ಒಪ್ಪಿಸುವುದು ಯಾರಿಗೆ ಎಂದು ಕೇಳಿ. ನಿಮ್ಮ ಕುಂದುಕೊರತೆ ಬಲ್ಲ ಇಬ್ಬರನ್ನಾದರೂ ವಿಚಾರಿಸಿ, ಪ್ರಾರ್ಥಿಸಿ. ಆಮೇಲೆ ಹೌದು ಅಥವಾ ಇಲ್ಲ ಅನ್ನಿ.

ಪ್ರಶ್ನೆ: 'ನನಗೆ ಯೋಗ್ಯತೆ ಇಲ್ಲ' ಎನ್ನುವುದು ಅವಿಧೇಯತೆಯೇ?

ಉತ್ತರ: ವಿಮೋಚನಕಾಂಡ 3 ಮತ್ತು 4ರಲ್ಲಿ, ಇಸ್ರಾಯೇಲ್ಯರನ್ನು ಐಗುಪ್ತದಿಂದ ಹೊರಗೆ ಕರೆದು ತಾ ಎಂದು ದೇವರು ಹೇಳಿದಾಗ ಮೋಶೆ ಐದು ಸಲ ಹಿಂಜರಿಯುತ್ತಾನೆ. ನಾನು ಎಷ್ಟರವನು? ನಿನ್ನ ಹೆಸರೇನು ಅಂದರೆ ಏನು ಹೇಳಲಿ? ಅವರು ನಂಬದಿದ್ದರೆ? ನನ್ನ ನಾಲಿಗೆ ಮಂದ. ಈ ನಾಲ್ಕಕ್ಕೂ ಉತ್ತರ ಸಿಕ್ಕಿತು, ಗದರಿಕೆಯಲ್ಲ. ಮೊದಲನೆಯದಕ್ಕೆ 'ನೀನು ಸಮರ್ಥ' ಎಂಬ ಹೊಗಳಿಕೆಯೂ ಇಲ್ಲ. 'ನಾನು ನಿನ್ನ ಸಂಗಡ ಇರುವೆನು' ಎಂಬುದಷ್ಟೇ. ಬೇರೆ ಯಾರನ್ನಾದರೂ ಕಳುಹಿಸು ಎಂಬ ಐದನೆಯದಕ್ಕೆ ಕಾರಣವೇ ಇರಲಿಲ್ಲ, ಅಲ್ಲಿ ದೇವರು ಕೋಪಗೊಂಡನು. ಆಗಲೂ ಅವನ ಪರವಾಗಿ ಮಾತಾಡಲು ಅಣ್ಣ ಆರೋನನನ್ನು ಜೊತೆಗೆ ಕೊಟ್ಟನು.

ಪ್ರಶ್ನೆ: ದೇವರು ಓದದವರನ್ನೇ ಆರಿಸುತ್ತಾನೆಯೇ?

ಉತ್ತರ: ಇಲ್ಲ. ಪ್ರವಾದಿ ಆಮೋಸನು ತೆಕೋವ ಎಂಬ ಊರಿನ ಕುರುಬ. ಅಪೊಸ್ತಲ ಪೌಲನಾದರೋ ಧರ್ಮಶಾಸ್ತ್ರದ ಪಂಡಿತ ಗಮಲಿಯೇಲನ ಬಳಿ ಕಲಿತವನು.

ಪ್ರಶ್ನೆ: ಕರೆ ಪಡೆದವನು ಮುಂದೆ ತಪ್ಪಲಾರನೇ?

ಉತ್ತರ: ಗಿದ್ಯೋನನನ್ನೇ ನೋಡಿ. ಗೆದ್ದ ಮೇಲೆ, ನಾನು ನಿಮ್ಮನ್ನು ಆಳೆನು, ಯೆಹೋವನೇ ಆಳಲಿ ಎಂದ. ಅದೇ ಉಸಿರಿನಲ್ಲಿ ಕೊಳ್ಳೆಯ ಮುರುವುಗಳನ್ನು ಕೇಳಿದ. ಸಿಕ್ಕ ಚಿನ್ನ 1,700 ಶೆಕೆಲ್, ಈಗಿನ ಲೆಕ್ಕದಲ್ಲಿ ಸುಮಾರು 19 ಕಿಲೊ. ಅದರಿಂದ ಮಾಡಿದ ಏಫೋದನ್ನು, ಅಂದರೆ ಯಾಜಕರು ತೊಡುವಂಥ ಮೇಲುಡುಪನ್ನು, ತನ್ನ ಊರಾದ ಒಫ್ರದಲ್ಲಿ ಇಟ್ಟ. ತಂದೆಗೆ ಸೇರಿದ, ಬಾಳನೆಂಬ ಅನ್ಯದೇವತೆಯ ಯಜ್ಞವೇದಿಯನ್ನು ಅವನು ಒಂದು ರಾತ್ರಿ ಕೆಡವಿದ್ದ ಊರೇ ಅದು. ಜನ ಅಲ್ಲಿಗೇ ಬಂದು ಏಫೋದನ್ನು ಪೂಜಿಸತೊಡಗಿದರು.