ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ ಯಾಕೆ ಕಡಿಮೆ?

ಪ್ರಶ್ನೆ: ರಕ್ತ ಪರೀಕ್ಷೆಯಲ್ಲಿ ನನ್ನ ಹಿಮೋಗ್ಲೋಬಿನ್ ಸರಿಯಾಗಿದೆ, ಫೆರಿಟಿನ್ ಮಾತ್ರ ಕಡಿಮೆ ಬಂದಿದೆ. ಫೆರಿಟಿನ್ ಅಂದರೆ ಕಬ್ಬಿಣ ಕೂಡಿಡುವ ಪ್ರೋಟೀನ್ ಎಂದು ಓದಿದೆ. ಅದು ಕಬ್ಬಿಣವನ್ನು ಹೇಗೆ ಹಿಡಿದಿಡುತ್ತದೆ? ಬೇಕಾದಾಗ ಹೇಗೆ ಬಿಡುತ್ತದೆ?

ಉತ್ತರ: ಫೆರಿಟಿನ್ ಸುಮ್ನೆ ಕೂಡಿಡುವುದಷ್ಟೇ ಅಲ್ಲ, ಕಬ್ಬಿಣದಿಂದ ನಮ್ಮನ್ನು ಕಾಪಾಡುತ್ತದೆ ಕೂಡ. ನನಗೆ ಈ ಎರಡನೇ ಕೆಲಸವೇ ದೊಡ್ಡದು ಅನಿಸುತ್ತದೆ. ಕಬ್ಬಿಣವಿಲ್ಲದೆ ರಕ್ತ ಆಮ್ಲಜನಕ ಸಾಗಿಸಲಾರದು, ನಿಜ. ಆದರೆ ಅದೇ ಕಬ್ಬಿಣ ಜೀವಕೋಶದೊಳಗೆ ಬಿಡಿಯಾಗಿ ಉಳಿದರೆ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ, ಸಿಕ್ಕಿದ್ದರ ಜೊತೆ ಪ್ರತಿಕ್ರಿಯಿಸುವ ಕಣಗಳನ್ನು ಹುಟ್ಟಿಸುತ್ತದೆ. ಅವು ಡಿಎನ್‌ಎಯನ್ನೂ ಕೋಶದ ಪೊರೆಯನ್ನೂ ಹಾಳುಮಾಡುತ್ತವೆ.

ಅದಕ್ಕೇ ಈ ಪ್ರೋಟೀನು ಒಂದು ಟೊಳ್ಳು ಗೋಳದ ಆಕಾರದಲ್ಲಿದೆ. 24 ಪ್ರೋಟೀನ್ ಎಳೆಗಳು ಸೇರಿ ಸುಮಾರು 12 ನ್ಯಾನೋಮೀಟರ್ ಅಗಲದ ಚಿಪ್ಪಾಗುತ್ತವೆ. ಎಳೆಗಳಲ್ಲಿ ಎರಡು ಬಗೆ: ಎಚ್ ಮತ್ತು ಎಲ್. ಚಿಪ್ಪಿನ ಸಣ್ಣ ರಂಧ್ರಗಳಿಂದ ಒಳಬಂದ ಕಬ್ಬಿಣವನ್ನು ಎಚ್ ಎಳೆ ಸುಲಭವಾಗಿ ಕರಗುವ ಫೆರಸ್ ರೂಪದಿಂದ, ಒಂದು ಎಲೆಕ್ಟ್ರಾನ್ ತೆಗೆದು, ಕರಗದ ಫೆರಿಕ್ ರೂಪಕ್ಕೆ ತಿರುಗಿಸುತ್ತದೆ. ಅದು ಒಳಗೆ ತುಕ್ಕಿನಂಥ ಖನಿಜವಾಗಿ ಕೂರುತ್ತದೆ. ಒಂದೇ ಗೋಳದಲ್ಲಿ ಸುಮಾರು 4,500 ಪರಮಾಣುಗಳವರೆಗೆ ಹಿಡಿಸುತ್ತವೆ!

ಹೊರಗೆ ಬರುವುದು ಹೇಗೆ? ರಂಧ್ರ ತೆರೆದು ಹರಿಯಬಿಡುತ್ತದೆ ಎಂದು ಅನಿಸಬಹುದು, ಅಲ್ವಾ? ನಮ್ಮ ಜೀವಕೋಶಗಳಲ್ಲಿ ಮುಖ್ಯ ದಾರಿ ಬೇರೆ. ಕಬ್ಬಿಣ ಕಡಿಮೆಯಾದಾಗ ಎನ್‌ಸಿಒಎ4 ಎಂಬ ಪ್ರೋಟೀನ್ ಫೆರಿಟಿನ್ನನ್ನು ಹಿಡಿದು ಲೈಸೋಸೋಮ್‌ಗೆ, ಅಂದರೆ ಕೋಶದೊಳಗೆ ವಸ್ತುಗಳನ್ನು ಜೀರ್ಣಿಸುವ ಚೀಲಕ್ಕೆ, ತಲುಪಿಸುತ್ತದೆ. ಅಲ್ಲಿನ ಆಮ್ಲದಲ್ಲಿ ಚಿಪ್ಪೇ ಒಡೆದು ಕಬ್ಬಿಣ ಬಿಡುಗಡೆಯಾಗುತ್ತದೆ. ಕಬ್ಬಿಣ ಜಾಸ್ತಿ ಇದ್ದಾಗ ಎನ್‌ಸಿಒಎ4 ತಾನೇ ನಾಶವಾಗುತ್ತದೆ, ಹೊಸ ಫೆರಿಟಿನ್ ತಯಾರಿ ಏರುತ್ತದೆ. ಕೆಲವು ಬ್ಯಾಕ್ಟೀರಿಯಾಗಳದು ಇನ್ನೂ ಸೊಗಸು. ಅವುಗಳ ಬ್ಯಾಕ್ಟೀರಿಯೋಫೆರಿಟಿನ್‌ಗೆ ಇನ್ನೊಂದು ಪುಟ್ಟ ಪ್ರೋಟೀನ್ ಬಂದು ಅಂಟಿ ಎಲೆಕ್ಟ್ರಾನ್ ಕೊಡುತ್ತದೆ. ಕಬ್ಬಿಣ ಕರಗಿ ಹೊರಬರುತ್ತದೆ, ಚಿಪ್ಪು ಹಾಗೇ ಉಳಿಯುತ್ತದೆ. ಗಿಡಗಳಲ್ಲೂ ಫೆರಿಟಿನ್ ಇದೆ. ಆದರೆ ಯೀಸ್ಟ್‌ನಲ್ಲಿ ಇಲ್ಲ, ಅದು ಕಬ್ಬಿಣವನ್ನು ಕೋಶದೊಳಗಿನ ಒಂದು ಚೀಲದಲ್ಲಿ ಇಟ್ಟುಕೊಳ್ಳುತ್ತದೆ.

ಈಗ ನಿಮ್ಮ ರಿಪೋರ್ಟ್. ಹೆಚ್ಚಿನ ಫೆರಿಟಿನ್ ಲಿವರ್, ಗುಲ್ಮ, ಅಸ್ಥಿಮಜ್ಜೆಗಳಲ್ಲಿರುತ್ತದೆ. ರಕ್ತದಲ್ಲಿ ಸಿಗುವುದು ಸ್ವಲ್ಪವೇ, ಆದರೂ ಅದು ಒಳಗಿನ ದಾಸ್ತಾನಿನ ಅಂದಾಜು ಕೊಡುತ್ತದೆ. ದೇಹ ಮೊದಲು ದಾಸ್ತಾನು ಖಾಲಿ ಮಾಡುತ್ತದೆ, ಹಿಮೋಗ್ಲೋಬಿನ್ ಆಮೇಲೆ ಇಳಿಯುತ್ತದೆ. ನಿಮ್ಮ ಎರಡು ಅಂಕಿಗಳು ಹೀಗೆ ಬೇರೆಬೇರೆಯಾಗಿ ಬಂದಿರುವುದು ಇದರಿಂದಲೇ. ಆರೋಗ್ಯವಂತ ವಯಸ್ಕರಲ್ಲಿ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಬ್ಬಿಣದ ಕೊರತೆ ಎನ್ನುತ್ತದೆ. ಒಂದು ಎಚ್ಚರಿಕೆ: ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿ ಏರುತ್ತದೆ, ಆಗ ಕೊರತೆ ಮುಚ್ಚಿಹೋಗಬಹುದು.

ನೀವಾಗಿಯೇ ಕಬ್ಬಿಣದ ಮಾತ್ರೆ ಶುರುಮಾಡಬೇಡಿ. ಹೆಚ್ಚಾದ ಕಬ್ಬಿಣವನ್ನು ಬೇಕೆಂದಾಗ ಹೊರಹಾಕುವ ವ್ಯವಸ್ಥೆ ನಮ್ಮ ದೇಹಕ್ಕಿಲ್ಲ. ದಾಸ್ತಾನು ಯಾಕೆ ಖಾಲಿಯಾಯಿತು ಎಂದು ಮೊದಲು ಹುಡುಕಬೇಕು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದೆಯಾ, ಜಠರ ಅಥವಾ ಕರುಳಿನಲ್ಲಿ ಎಲ್ಲಾದರೂ ಸೋರುತ್ತಿದೆಯಾ, ತಿಂದದ್ದರಿಂದ ಕಬ್ಬಿಣ ಹೀರಿಕೆಯಾಗುತ್ತಿಲ್ಲವಾ? ಈ ಪ್ರಶ್ನೆಗಳನ್ನೂ ರಿಪೋರ್ಟನ್ನೂ ಹಿಡಿದು ವೈದ್ಯರ ಹತ್ತಿರ ಹೋಗಿ.