ಹಳೆಯ ಹಾಯಿದೋಣಿ ಕೊಂಡ ಮೇಲೆ ಮೊದಲು ಯಾವ ಕೆಲಸಕ್ಕೆ ಕೈ ಹಾಕಬೇಕು?

1979ರಲ್ಲಿ ಕಟ್ಟಿದ, 32 ಅಡಿ ಉದ್ದದ ಫೈಬರ್‌ಗ್ಲಾಸ್ ಹಾಯಿದೋಣಿಯನ್ನು ಕೊಂಡಿದ್ದೀರಿ. ಅದರ ಎಂಜಿನ್ ಚಾಲೂ ಆಗುತ್ತದೆ, ಒಡಲು ಮೇಲ್ನೋಟಕ್ಕೆ ಗಟ್ಟಿಯಾಗಿದೆ, ಇನ್ನೆರಡು ವರ್ಷಗಳಲ್ಲಿ ದೂರದ ಸಮುದ್ರಯಾನಕ್ಕೆ ಹೊರಡುವ ಆಸೆ ನಿಮಗಿದೆ. ಲಿಥಿಯಂ ಬ್ಯಾಟರಿ, ಸೌರಫಲಕ, ಚಾರ್ಟ್‌ಪ್ಲಾಟರ್ (ನಕ್ಷೆಯ ಮೇಲೆ ದೋಣಿಯ ಸ್ಥಾನ ತೋರಿಸುವ ಪರದೆ), ಫ್ರಿಜ್, ಡೆಕ್‌ಗೆ (ದೋಣಿಯ ಮೇಲ್ಭಾಗದ ನೆಲಕ್ಕೆ) ಹೊಸ ಬಣ್ಣ ಎಂಬ ಐದು ಕೆಲಸಗಳ ಪಟ್ಟಿ ಕೊಟ್ಟು, ಎಲ್ಲಕ್ಕೂ ಒಟ್ಟಿಗೆ ಹಣ ಸಾಲದಿರುವುದರಿಂದ ಯಾವುದರಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ಸರಿಸುಮಾರು ಅದೇ ಕಾಲದ ದೋಣಿಯೊಂದನ್ನು ಬಹುಕಾಲದಿಂದ ನೋಡಿಕೊಂಡು ಬಂದಿರುವ ನನ್ನ ಸಲಹೆಯೆಂದರೆ, ಐದನ್ನೂ ಸದ್ಯಕ್ಕೆ ತಡೆಹಿಡಿಯಿರಿ. ಮೊದಲ ವರ್ಷದ ಹಣವೂ ಶ್ರಮವೂ ನೀರು ಒಳಗೆ ಬರುವ ದಾರಿಗಳಿಗೆ ಮತ್ತು ಹಾಯಿಕಂಬವನ್ನು ಹಿಡಿದು ನಿಲ್ಲಿಸಿರುವ ಲೋಹದ ಭಾಗಗಳಿಗೆ ಹೋಗಲಿ. ನಿಮ್ಮ ಪಟ್ಟಿಯ ಪ್ರತಿಯೊಂದು ಕೆಲಸವೂ ಇವುಗಳ ಮೇಲೆಯೇ ನಿಲ್ಲಬೇಕಾಗಿದೆ.

ಎಲ್ಲಕ್ಕಿಂತ ಮೊದಲು ಡೆಕ್ಕನ್ನು ನೋಡಿ. ಆ ಕಾಲದ ಬಹಳಷ್ಟು ದೋಣಿಗಳ ಒಡಲನ್ನು ಫೈಬರ್‌ಗ್ಲಾಸ್ ಪದರಗಳನ್ನೇ ಒಂದರ ಮೇಲೊಂದು ಹಾಕಿ ದಪ್ಪವಾಗಿ ಕಟ್ಟುತ್ತಿದ್ದರು. ಆದರೆ ಡೆಕ್ ಹಗುರವಾಗಿಯೂ ಬಾಗದಂತೆಯೂ ಇರಬೇಕಾದ್ದರಿಂದ ಎರಡು ತೆಳುವಾದ ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಮರವನ್ನೋ ಪ್ಲೈವುಡ್ಡನ್ನೋ ಇಡುತ್ತಿದ್ದರು. ಸ್ಟ್ಯಾಂಚನ್ (ಅಂಚಿನ ಬೇಲಿಯ ಗೂಟ), ಕ್ಲೀಟ್ (ಹಗ್ಗ ಕಟ್ಟುವ ಕೊಂಡಿ), ವಿಂಚ್ (ಹಗ್ಗ ಎಳೆಯುವ ರಾಟೆ), ಹ್ಯಾಚ್ (ಡೆಕ್ಕಿನ ಮುಚ್ಚಳದ ಬಾಗಿಲು) ಹೀಗೆ ಡೆಕ್ ಮೇಲಿರುವ ಪ್ರತಿಯೊಂದು ವಸ್ತುವಿನ ಬೋಲ್ಟೂ ಈ ಮರವನ್ನು ತೂರಿಕೊಂಡೇ ಕೆಳಗಿಳಿಯುತ್ತದೆ. ಬೋಲ್ಟ್ ಸುತ್ತಲಿನ ಸೀಲಂಟ್ (ನೀರು ತಡೆಯುವ ಮೆತ್ತು) ವರ್ಷಗಳು ಕಳೆದಂತೆ ಒಣಗಿ ಬಿಡುತ್ತದೆ, ನೀರು ಬೋಲ್ಟ್ ಗುಂಟ ಇಳಿಯುತ್ತದೆ. ಹಾಗೆ ಇಳಿದ ನೀರು ಕ್ಯಾಬಿನ್ನಿನೊಳಗೆ ತೊಟ್ಟಿಕ್ಕಿದರೆ ಅದು ಅದೃಷ್ಟ, ಏಕೆಂದರೆ ಸೋರಿಕೆ ಗೊತ್ತಾಯಿತು. ಹೆಚ್ಚಿನ ಸಲ ಅದು ಎರಡು ಪದರಗಳ ನಡುವಿನ ಮರದೊಳಗೆ ಹೋಗಿ ಅಲ್ಲೇ ಉಳಿಯುತ್ತದೆ. ಮರ ಕೊಳೆತಾಗ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಸಂಬಂಧ ತಪ್ಪಿ, ಡೆಕ್ ಕಾಲಡಿಯಲ್ಲಿ ಬಾಗತೊಡಗುತ್ತದೆ. ನಾರು ನೆಟ್ಟಗೆ ನಿಲ್ಲುವಂತೆ ಕೂರಿಸಿದ ಬಾಲ್ಸಾದಲ್ಲಿ ನೀರು ಅಕ್ಕಪಕ್ಕಕ್ಕೆ ನಿಧಾನವಾಗಿ ಹರಡುತ್ತದೆ. ಪ್ಲೈವುಡ್ಡಿನಲ್ಲಿ ನಾರಿನ ಗುಂಟ ಬಹಳ ದೂರ ಸಾಗಬಲ್ಲದು.

ಇದನ್ನು ಪತ್ತೆಹಚ್ಚಲು ದುಬಾರಿ ಉಪಕರಣ ಬೇಕಿಲ್ಲ. ಸಣ್ಣ ಪ್ಲಾಸ್ಟಿಕ್ ಸುತ್ತಿಗೆಯಿಂದ ಇಡೀ ಡೆಕ್ಕನ್ನು ಗೇಣುಗೇಣಾಗಿ ತಟ್ಟುತ್ತ ಹೋಗಿ. ಒಣಗಿದ ಕಡೆ ಸದ್ದು ಚುರುಕಾಗಿ ಕೇಳುತ್ತದೆ, ಪದರ ಬಿಟ್ಟ ಕಡೆ ಮಂಕಾಗುತ್ತದೆ. ಆ ಜಾಗಗಳನ್ನು ಅಂಟುಪಟ್ಟಿಯಿಂದ ಗುರುತು ಮಾಡಿಕೊಳ್ಳಿ. ತೇವಮಾಪಕವೂ ನೆರವಾಗುತ್ತದೆ, ಆದರೆ ಅಡಿಯಲ್ಲಿ ಲೋಹವೋ ನೀರಿನ ಟ್ಯಾಂಕೋ ಇದ್ದರೆ ಅದು ದಾರಿ ತಪ್ಪಿಸುತ್ತದೆ. ಅನುಮಾನ ಇರುವ ಕಡೆ ಒಂದು ಸ್ಟ್ಯಾಂಚನ್ ಬಿಚ್ಚಿ, ಬೋಲ್ಟ್ ರಂಧ್ರದ ಒಳಬದಿಯ ಮರವನ್ನು ಬಾಗಿದ ತಂತಿಯಿಂದ ಕೆರೆದು ನೋಡುವುದಕ್ಕಿಂತ ನಂಬಿಕೆಯ ಪರೀಕ್ಷೆ ಬೇರೆ ಇಲ್ಲ. ಒಣಪುಡಿ ಬಂದರೆ ಒಳ್ಳೆಯದು, ಕಂದುಬಣ್ಣದ ಒದ್ದೆ ಮುದ್ದೆ ಬಂದರೆ ಕೆಲಸ ಇದೆ ಎಂದರ್ಥ.

ಮರ ಇನ್ನೂ ಗಟ್ಟಿಯಾಗಿದ್ದರೂ ಪ್ರತಿಯೊಂದು ಫಿಟ್ಟಿಂಗನ್ನೂ ಬಿಚ್ಚಿ ಮತ್ತೆ ಕೂರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೋಲ್ಟ್ ರಂಧ್ರದ ಸುತ್ತಲಿನ ಮರವನ್ನು ಸುಮಾರು ಒಂದು ಸೆಂಟಿಮೀಟರಿನಷ್ಟು ಕೊರೆದು ತೆಗೆಯಿರಿ, ಆ ಜಾಗ ಪೂರ್ತಿ ಒಣಗಲು ಬಿಡಿ. ಮೊದಲು ತೆಳುವಾದ ಎಪಾಕ್ಸಿಯನ್ನು (ಕಲಸಿದ ಮೇಲೆ ಗಟ್ಟಿಯಾಗುವ ರಾಳದ ಅಂಟನ್ನು) ಸವರಿ ಮರ ಅದನ್ನು ಹೀರಿಕೊಂಡ ಮೇಲೆ, ಸಿಲಿಕಾ ಪುಡಿ ಕಲಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು ತುಂಬಿ. ಅದು ಗಟ್ಟಿಯಾದ ನಂತರ ನಡುವೆ ಹೊಸದಾಗಿ ರಂಧ್ರ ಕೊರೆದರೆ ಬೋಲ್ಟ್ ಇನ್ನು ಮುಂದೆ ಎಪಾಕ್ಸಿಯ ಕೊಳವೆಯೊಳಗೆ ಹಾದುಹೋಗುತ್ತದೆ. ಮುಂದೆಂದಾದರೂ ಸೀಲಂಟ್ ಸೋತರೂ ನೀರು ಮರವನ್ನು ಮುಟ್ಟುವುದಿಲ್ಲ. ರಂಧ್ರದ ಮೇಲಂಚನ್ನು ಓರೆಯಾಗಿ ಕೆತ್ತಿ, ಅಲ್ಲಿ ಬ್ಯುಟೈಲ್ ಪಟ್ಟಿಯನ್ನು (ಅಂಟುವ ಮೆತ್ತನೆಯ ರಬ್ಬರ್ ಪಟ್ಟಿಯನ್ನು) ಸುತ್ತಿ, ಕೆಳಗಡೆ ಅಗಲವಾದ ಲೋಹದ ತಗಡನ್ನು ಕೊಟ್ಟು ಬಿಗಿಯಿರಿ. ಬಿಗಿಯುವಾಗ ಮೇಲಿನ ಬೋಲ್ಟ್ ತಿರುಗದಂತೆ ಒಬ್ಬರು ಹಿಡಿದುಕೊಂಡು, ಕೆಳಗಿನ ನಟ್ಟನ್ನು ಮಾತ್ರ ತಿರುಗಿಸಬೇಕು. ಬ್ಯುಟೈಲ್ ಪಟ್ಟಿಯನ್ನು ಇಂಧನ ತುಂಬುವ ಬಾಯಿಯ ಹತ್ತಿರ ಬಳಸಬೇಡಿ, ಡೀಸೆಲ್ ತಾಗಿದರೆ ಅದು ಮೆತ್ತಗಾಗುತ್ತದೆ. ಪಾಲಿಸಲ್ಫೈಡ್ ಒಳ್ಳೆಯ ಸೀಲಂಟ್, ಆದರೆ ಅಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟ್ ಕಿಟಕಿಗಳನ್ನು ಹಾಳುಮಾಡುತ್ತದೆ. ಡೆಕ್ ಮೇಲೆ ಸಿಲಿಕೋನನ್ನು ನಾನು ಎಲ್ಲಿಯೂ ಬಳಸುವುದಿಲ್ಲ, ಏಕೆಂದರೆ ಅದರ ಜಿಡ್ಡು ಉಳಿದ ಕಡೆ ಆಮೇಲೆ ಬಣ್ಣವಾಗಲಿ ಬೇರೆ ಸೀಲಂಟಾಗಲಿ ಹಿಡಿಯುವುದಿಲ್ಲ.

ದೊಡ್ಡ ಜಾಗವೇ ಕೊಳೆತಿದ್ದರೆ, ಸಣ್ಣ ರಂಧ್ರಗಳನ್ನು ಕೊರೆದು ಎಪಾಕ್ಸಿ ಚುಚ್ಚಿದರೆ ಸಾಕು ಎಂದು ಕೆಲವರು ಹೇಳುವುದನ್ನು ಕೇಳುತ್ತೀರಿ. ಒದ್ದೆ ಮರಕ್ಕೆ ಎಪಾಕ್ಸಿ ಅಂಟುವುದಿಲ್ಲವಾದ್ದರಿಂದ ಆ ದಾರಿಯನ್ನು ನಾನು ನಂಬುವುದಿಲ್ಲ. ಮೇಲಿನ ಪದರವನ್ನು ಕತ್ತರಿಸಿ ತೆಗೆದು, ಕೊಳೆತದ್ದನ್ನು ಪೂರ್ತಿ ಕೆರೆದು, ಹೊಸ ಬಾಲ್ಸಾ ಅಂಟಿಸಿ, ಅದರ ಮೇಲೆ ಮತ್ತೆ ಫೈಬರ್‌ಗ್ಲಾಸ್ ಹಾಕುವುದೇ ನಿಜವಾದ ದುರಸ್ತಿ. ಧೂಳಿನ, ತಾಳ್ಮೆಯ ಕೆಲಸವೇ ಹೊರತು ಅಂಥ ಕಷ್ಟದ ವಿದ್ಯೆಯೇನಲ್ಲ.

ಡೆಕ್ ಬಿಚ್ಚಿದ ಈ ಹೊತ್ತಿನಲ್ಲೇ ಚೈನ್‌ಪ್ಲೇಟುಗಳನ್ನೂ ಹೊರಗೆಳೆಯಿರಿ. ಹಾಯಿಕಂಬವನ್ನು ಹಿಡಿದ ತಂತಿಗಳ ಎಳೆತವನ್ನೆಲ್ಲ ಒಡಲಿಗೆ ದಾಟಿಸುವ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗಳಿವು. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ಅತಿ ತೆಳುವಾದ ಪೊರೆಯಿಂದ. ಆ ಪೊರೆ ಹರಿದಾಗ ಮತ್ತೆ ಕೂಡಿಕೊಳ್ಳಲು ಆಮ್ಲಜನಕ ಬೇಕು. ಡೆಕ್ಕನ್ನು ತೂರಿ ಇಳಿಯುವ ಇಕ್ಕಟ್ಟಿನ ಸಂದಿಯಲ್ಲಿ ಉಪ್ಪುನೀರು ನಿಂತರೆ ಅಲ್ಲಿ ಆಮ್ಲಜನಕ ಸಿಗುವುದಿಲ್ಲ, ಲೋಹ ಒಳಗೊಳಗೇ ಸವೆಯುತ್ತದೆ. ಮೇಲೂ ಕೆಳಗೂ ಥಳಥಳಿಸುವ ಪಟ್ಟಿ ನಡುವಿನ ಎರಡು ಮೂರು ಸೆಂಟಿಮೀಟರಿನಲ್ಲಿ ಅರ್ಧ ಕರಗಿರಬಹುದು. ಹೊರತೆಗೆದು ಉಜ್ಜಿ, ಭೂತಗನ್ನಡಿಯಲ್ಲಿ ನೋಡಿ. ಬಿರುಕು ತೋರಿಸುವ ಕೆಂಪು ಬಣ್ಣದ ದ್ರವವೂ ಅದರ ಮೇಲೆ ಹಾಕುವ ಬಿಳಿ ಪುಡಿಯೂ ಜೊತೆಯಾಗಿ ಸಿಗುತ್ತವೆ, ಅವನ್ನು ಬಳಸಿ. ಪಟ್ಟಿಯನ್ನು ಬೋಲ್ಟ್ ಮಾಡಿದ ಪ್ಲೈವುಡ್ ಗೋಡೆಯ ಮೇಲ್ತುದಿ ಕೊಳೆತಿದೆಯೇ ಎಂಬುದನ್ನೂ ಚುಚ್ಚಿ ನೋಡಿ.

ತಂತಿಗಳ ವಯಸ್ಸು ನಿಮಗೆ ಗೊತ್ತಿಲ್ಲ ಎಂದು ಬರೆದಿದ್ದೀರಿ. ಗೊತ್ತಿಲ್ಲದಿದ್ದರೆ ಬದಲಾಯಿಸಬೇಕಾದ ಕಾಲ ಬಂದಿದೆ ಎಂದೇ ತಿಳಿಯಿರಿ. ಉಪ್ಪುನೀರಿನಲ್ಲಿ ಓಡಾಡುವ ದೋಣಿಯ ತಂತಿಗಳನ್ನು 10ರಿಂದ 15 ವರ್ಷಗಳಿಗೊಮ್ಮೆ ಬದಲಾಯಿಸುವುದು ರೂಢಿ. ಕೆಳತುದಿಯ ಒತ್ತಿ ಕೂರಿಸಿದ ಫಿಟ್ಟಿಂಗಿನೊಳಕ್ಕೆ ನೀರು ಇಳಿದು ನಿಲ್ಲುವುದರಿಂದ ಬಿರುಕು ಸಾಮಾನ್ಯವಾಗಿ ಅಲ್ಲೇ ಮೊದಲು ಕಾಣಿಸುತ್ತದೆ. ಸ್ಟಾ-ಲಾಕ್‌ನಂಥ ತಿರುಪಿನ ತುದಿಗಳನ್ನು ಬಳಸಿದರೆ ಈ ಕೆಲಸವನ್ನು ನೀವೇ ಮಾಡಬಹುದು, ಮುಂದೆ ದೂರದ ಬಂದರಿನಲ್ಲಿ ತಂತಿ ಹೋದರೂ ಕೈಯಲ್ಲಿರುವ ಉಪಕರಣಗಳಿಂದಲೇ ಹೊಸದನ್ನು ಕಟ್ಟಬಹುದು.

ನೀರಿನ ಮಟ್ಟದ ಕೆಳಗಿನ ರಂಧ್ರಗಳ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. ನೀರಿನ ಮಟ್ಟಕ್ಕಿಂತ 60 ಸೆಂಟಿಮೀಟರ್ ಕೆಳಗೆ 38 ಮಿಲಿಮೀಟರ್ ವ್ಯಾಸದ ಒಂದು ಸೀಕಾಕ್ (ಒಡಲಿನ ರಂಧ್ರವನ್ನು ತೆರೆದು ಮುಚ್ಚುವ ಕವಾಟ) ಮುರಿದರೆ ನಿಮಿಷಕ್ಕೆ ಸುಮಾರು 140 ಲೀಟರ್ ನೀರು ಒಳಗೆ ನುಗ್ಗುತ್ತದೆ. ಈ ಅಳತೆಯ ದೋಣಿಗಳಲ್ಲಿ ಸಾಮಾನ್ಯವಾಗಿ ಇರುವ ವಿದ್ಯುತ್ ಪಂಪು ಅದಕ್ಕೆ ಎದುರು ನಿಲ್ಲಲಾರದು. ಆದ್ದರಿಂದ ಪ್ರತಿಯೊಂದು ಸೀಕಾಕನ್ನೂ ಕೆರೆದು ನೋಡಿ. ಕಂಚು ಬಹುಕಾಲ ಬಾಳುತ್ತದೆ. ಸಾಧಾರಣ ಹಿತ್ತಾಳೆಯಾಗಿದ್ದರೆ ಅದರೊಳಗಿನ ಸತು ಸಮುದ್ರದ ನೀರಿನಲ್ಲಿ ಕರಗಿಹೋಗಿ, ಉಳಿದ ಲೋಹ ನಸುಗೆಂಪಾಗಿ ಕಾಣುತ್ತದೆ, ಪುಡಿಯಾಗುವಷ್ಟು ದುರ್ಬಲವಾಗುತ್ತದೆ. ಚಕ್ರದಂಥ ಹಿಡಿಯ ಗೇಟ್ ವಾಲ್ವುಗಳಿದ್ದರೆ ಯೋಚಿಸದೆ ಕಿತ್ತುಹಾಕಿ, ಅವು ತೆರೆದಿವೆಯೋ ಮುಚ್ಚಿವೆಯೋ ನೋಡಿ ಹೇಳಲಾಗದು. ಪ್ರತಿ ಸೀಕಾಕಿನ ಪಕ್ಕದಲ್ಲೂ ಅದರ ಅಳತೆಯ ಮೆದುಮರದ ಬೆಣೆಯೊಂದನ್ನು ದಾರದಿಂದ ಕಟ್ಟಿಡಿ. ಒಡಲಿನ ಮೇಲೆ ಅಲ್ಲಲ್ಲಿ ಗುಳ್ಳೆಗಳು ಕಂಡರೆ ಗಾಬರಿ ಬೇಡ. ಆ ಕಾಲದ ದಪ್ಪ ಒಡಲಿಗೆ ಅವು ಬಲಹೀನತೆ ತರುವುದು ಅಪರೂಪ. ಚುಕ್ಕಾಣಿ ಹಾಗಲ್ಲ. ಅದರೊಳಗೆ ಫೋಮ್ ಇರುತ್ತದೆ, ಫೋಮಿನೊಳಗೆ ಸ್ಟೇನ್‌ಲೆಸ್ ತೋಳುಗಳಿರುತ್ತವೆ, ಅವುಗಳಿಗೂ ಚೈನ್‌ಪ್ಲೇಟಿನ ಗತಿಯೇ ಬರುತ್ತದೆ. ದೋಣಿ ದಡದ ಮೇಲಿರುವಾಗ ಚುಕ್ಕಾಣಿಯ ಅಡಿಯಲ್ಲಿ ಸಣ್ಣ ರಂಧ್ರ ಕೊರೆಯಿರಿ. ತುಕ್ಕಿನ ಬಣ್ಣದ ನೀರು ಹರಿದರೆ ಬಿಡಿಸಿ ನೋಡಲೇಬೇಕು.

ಎಂಜಿನ್ ಬಂದರಿನಲ್ಲಿ ಚಾಲೂ ಆಗುವುದು ಸಾಕ್ಷಿಯಲ್ಲ. ಹಳೆಯ ಟ್ಯಾಂಕಿನ ತಳದಲ್ಲಿ ಕೂತ ಕೆಸರು ಶಾಂತ ನೀರಿನಲ್ಲಿ ಅಲ್ಲೇ ಇರುತ್ತದೆ, ಅಲೆಗಳು ದೊಡ್ಡದಾದಾಗ ಕದಡಿ ಫಿಲ್ಟರನ್ನು ಕಟ್ಟುತ್ತದೆ. ಎಂಜಿನ್ ನಿಲ್ಲುವುದು ಅದು ಅತ್ಯಗತ್ಯವಾದ ಆ ಗಳಿಗೆಯಲ್ಲೇ. ಟ್ಯಾಂಕನ್ನು ತೆರೆಸಿ ತೊಳೆಸಿ, ನೀರಿನ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರಬ್ಬರ್ ಚಕ್ರ) ಬದಲಿಸಿ, ಹೊಗೆಕೊಳವೆಯ ಮೊಣಕೈ ಮಸಿಯಿಂದ ಕಟ್ಟಿದೆಯೇ ನೋಡಿ.

ಇಷ್ಟಾದ ಮೇಲೆ ಒಂದು ಹಂಗಾಮಿನಷ್ಟು ಕಾಲ, ಇರುವ ಸಲಕರಣೆಗಳಲ್ಲೇ ಸಣ್ಣ ಪ್ರಯಾಣಗಳನ್ನು ಮಾಡಿ. ನಿಮಗೆ ನಿಜವಾಗಿ ಏನು ಬೇಕು ಎಂಬುದು ಲಂಗರು ಹಾಕಿ ಕಳೆದ ರಾತ್ರಿಗಳಲ್ಲಿ ತಿಳಿಯುವಷ್ಟು ಅಂಗಡಿಯ ಪಟ್ಟಿ ನೋಡಿ ತಿಳಿಯುವುದಿಲ್ಲ. ಹಳೆಯ ದೋಣಿಗೆ ಜೋಡಿಸಿದ ಹೊಸ ಸಲಕರಣೆಯ ಬೆಲೆ ಮಾರುವಾಗ ಹಿಂದಿರುಗುವುದು ಕಡಿಮೆ, ಹಾಗಾಗಿ ಬಳಕೆಗೆ ಬರುವುದನ್ನೇ ಕೊಳ್ಳಬೇಕು.

ಆಮೇಲೆ ವಿದ್ಯುತ್ತಿನ ಸರದಿ, ಅದರಲ್ಲೂ ಮೊದಲು ತಂತಿಗಳು. ತವರ ಲೇಪಿಸಿದ ತಾಮ್ರದ ತಂತಿ, ಸರಿಯಾದ ಇಕ್ಕಳದಿಂದ ಒತ್ತಿದ ತುದಿಗಳು, ಬ್ಯಾಟರಿಯಿಂದ ಸುಮಾರು 18 ಸೆಂಟಿಮೀಟರಿನ ಒಳಗೇ ಮುಖ್ಯ ಫ್ಯೂಸು ಇವಿಷ್ಟು ಆಗದೆ ಲಿಥಿಯಂ ಬ್ಯಾಟರಿ ತರುವುದು ಬೆಂಕಿಯ ಅಪಾಯವನ್ನು ಮೈಮೇಲೆ ಎಳೆದುಕೊಂಡಂತೆ. ಬಳಕೆ ತಗ್ಗಿಸುವುದು ಎಲ್ಲಕ್ಕಿಂತ ಅಗ್ಗದ ಸುಧಾರಣೆ: 12 ವೋಲ್ಟಿನ ವ್ಯವಸ್ಥೆಯಲ್ಲಿ 25 ವ್ಯಾಟಿನ ಹಳೆಯ ಲಂಗರು ದೀಪ 12 ತಾಸಿಗೆ 25 ಆಂಪಿಯರ್-ಗಂಟೆ ತಿನ್ನುತ್ತದೆ, 3 ವ್ಯಾಟಿನ ಎಲ್‌ಇಡಿಗೆ 3 ಸಾಕು. ಸೀಸದ ಬ್ಯಾಟರಿಯ ಅರ್ಧದಷ್ಟನ್ನು ಮಾತ್ರ ಬಳಸುವುದು ಕ್ಷೇಮ, ಲಿಥಿಯಂ ಐರನ್ ಫಾಸ್ಫೇಟಿನಲ್ಲಿ ನೂರಕ್ಕೆ 80ರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದು. ಲಿಥಿಯಂ ಬೇಕೆಂಬ ನಿಮ್ಮ ಆಸೆ ತಪ್ಪಲ್ಲ. ಆದರೆ ಆ ಬ್ಯಾಟರಿ ವಿದ್ಯುತ್ತನ್ನು ಎಷ್ಟು ಕೊಟ್ಟರೂ ಹೀರುವುದರಿಂದ ಎಂಜಿನ್ನಿನಿಂದ ವಿದ್ಯುತ್ ಮಾಡುವ ಹಳೆಯ ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು, ನಡುವೆ ಆ ಹರಿವನ್ನು ಮಿತಿಯಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಇರಲೇಬೇಕು. ಸೌರಫಲಕವನ್ನು ಹಾಯಿಕಂಬದ ನೆರಳು ಬೀಳದ ಕಡೆ ಕೂರಿಸಿ. ಒಳ್ಳೆಯ ಬಿಸಿಲಿನಲ್ಲಿ 200 ವ್ಯಾಟಿನ ಫಲಕ ದಿನಕ್ಕೆ 50ರಿಂದ 60 ಆಂಪಿಯರ್-ಗಂಟೆ ಕೊಡುತ್ತದೆ, ಅದನ್ನು ಹೆಚ್ಚುಕಡಿಮೆ ಫ್ರಿಜ್ ಒಂದೇ ಮುಗಿಸುತ್ತದೆ. ಅದಕ್ಕಾಗಿಯೇ ಫ್ರಿಜ್ಜಿಗೆ ಯಂತ್ರ ಕೊಳ್ಳುವ ಮೊದಲು ಹಳೆಯ ಐಸ್ ಪೆಟ್ಟಿಗೆಯ ಗೋಡೆಗಳಲ್ಲಿರುವ ನೀರು ಕುಡಿದ ಫೋಮನ್ನು ತೆಗೆದು, 10 ಸೆಂಟಿಮೀಟರ್ ದಪ್ಪದ ಹೊಸ ಫೋಮ್ ಹಾಕಿಸಿ.

ಚಾರ್ಟ್‌ಪ್ಲಾಟರ್ ದೊಡ್ಡದಿರಬೇಕಿಲ್ಲ, ಅದರಲ್ಲಿ ಉಳಿಸಿದ ಹಣದಲ್ಲಿ ನಿಮ್ಮ ದೋಣಿಯನ್ನು ಹಡಗುಗಳಿಗೆ ತೋರಿಸುವ ಎಐಎಸ್ ಉಪಕರಣ ಕೊಳ್ಳಿ ಎನ್ನುತ್ತೇನೆ. ಬಣ್ಣ ಕಟ್ಟಕಡೆಗೆ, ಡೆಕ್ ಮೇಲಿನ ಕೊನೆಯ ರಂಧ್ರವೂ ಮುಚ್ಚಿದ ಮೇಲೆ.

ಡೆಕ್ ತಟ್ಟಿ ನೋಡಿದಾಗ ಮಂಕು ಸದ್ದಿನ ಜಾಗ ಎಷ್ಟು ಅಗಲ ಸಿಕ್ಕಿತು, ಒಳಗಿರುವುದು ಬಾಲ್ಸಾವೋ ಪ್ಲೈವುಡ್ಡೋ, ಹಾಯಿಕಂಬ ಡೆಕ್ ಮೇಲೆ ನಿಂತಿದೆಯೋ ದೋಣಿಯ ತಳದ ಕೀಲ್‌ವರೆಗೆ ಇಳಿದಿದೆಯೋ ಎಂಬುದನ್ನು ಇಲ್ಲೇ ಬರೆದು ತಿಳಿಸಿ. ಕಂಬ ಡೆಕ್ ಮೇಲೆಯೇ ನಿಂತಿದ್ದು ಅದರ ಬುಡದ ಸುತ್ತ ಡೆಕ್ ಕುಸಿದಿದ್ದರೆ ದುರಸ್ತಿಯ ಕ್ರಮವೇ ಬೇರೆ, ಕಂಬವನ್ನು ಇಳಿಸಿದ ಮೇಲಷ್ಟೇ ಅದನ್ನು ಮುಟ್ಟಬೇಕು.